ಸರ್ಕಾರಿ ಮಾಹಿತಿಯ ಮುಕ್ತತೆ: ಅಳೆಯುವ ಬಗೆ ಮತ್ತು ಅರ್ಜಿದಾರರಿಗೆ ಅದರ ಪ್ರಯೋಜನ

ಸರ್ಕಾರದ ಬಳಿಯಿರುವ ಮಾಹಿತಿಯು ನಾಗರಿಕರಿಗೆ ಎಷ್ಟರಮಟ್ಟಿಗೆ ತೆರೆದಿದೆ ಎಂಬುದನ್ನು ಅಳೆಯುವ ಪ್ರಯತ್ನಗಳು ಹಲವು ರಾಷ್ಟ್ರಗಳಲ್ಲಿ ನಡೆದಿವೆ. ಅರಬ್ ರಾಷ್ಟ್ರಗಳ ಪೈಕಿ ಜೋರ್ಡಾನ್ 2007ರಲ್ಲಿ ಎಲ್ಲರಿಗಿಂತ ಮೊದಲು ಮಾಹಿತಿ ಪಡೆಯುವ ಹಕ್ಕಿನ ಕಾನೂನನ್ನು ರೂಪಿಸಿತು. ಟುನೀಶಿಯ 2016ರಲ್ಲಿ, ಲೆಬನಾನ್ 2017ರಲ್ಲಿ ಹಾಗೂ ಮೊರಾಕ್ಕೊ 2018ರಲ್ಲಿ ಇಂತಹ ಕಾನೂನುಗಳನ್ನು ಅಂಗೀಕರಿಸಿದವು. ಆದರೆ ಕಾನೂನು ಇದ್ದ ಮಾತ್ರಕ್ಕೆ ಕಡತ ತೆರೆಯುವುದಿಲ್ಲ. 2017ರಲ್ಲಿ ಹೊರಬಂದ ‘ಓಪನ್ ಡೇಟಾ ಬ್ಯಾರೋಮೀಟರ್’ ವರದಿಯು 115 ರಾಷ್ಟ್ರಗಳ ಸರ್ಕಾರಿ ದತ್ತಾಂಶಗಳನ್ನು ಪರಿಶೀಲಿಸಿದಾಗ, ಪೂರ್ಣವಾಗಿ ಮುಕ್ತವೆನ್ನಬಹುದಾದವು ಶೇಕಡಾ 10ನ್ನೂ ಮುಟ್ಟಲಿಲ್ಲ. ಮಾಹಿತಿ ಪ್ರಕಟವಾಗಿದೆಯೇ, ಉಚಿತವೇ, ಇತ್ತೀಚಿನದೇ, ಗಣಕಯಂತ್ರದಲ್ಲಿ ನೇರವಾಗಿ ಬಳಸಲು ಬರುವುದೇ ಎಂಬಂತಹ ಪ್ರಶ್ನೆಗಳೇ ಅದರ ಅಳತೆಗೋಲಾಗಿದ್ದವು.

ಕರ್ನಾಟಕವು ಈ ದಿಕ್ಕಿನಲ್ಲಿ ಬೇಗನೆ ಹೆಜ್ಜೆ ಇಟ್ಟ ರಾಜ್ಯ. ಕೇಂದ್ರದ ಕಾನೂನಿಗೆ ಮೊದಲೇ, 2000ರಲ್ಲಿ, ರಾಜ್ಯ ವಿಧಾನಮಂಡಲವು ಮಾಹಿತಿ ಹಕ್ಕಿನ ಅಧಿನಿಯಮವನ್ನು ಅಂಗೀಕರಿಸಿತ್ತು. ಅದೇ ಕಾಲಘಟ್ಟದ ‘ಭೂಮಿ’ ಯೋಜನೆಯಿಂದ ಸುಮಾರು 2 ಕೋಟಿ ಪಹಣಿಗಳು ಗಣಕೀಕೃತಗೊಂಡವು.

ದಿನಾಂಕ 12-10-2005ರಿಂದ ಪೂರ್ಣವಾಗಿ ಜಾರಿಗೆ ಬಂದ ಮಾಹಿತಿ ಹಕ್ಕು ಅಧಿನಿಯಮದ 4(1)(ಬಿ) ಪ್ರಕರಣವು ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರಕ್ಕೆ ಸ್ಪಷ್ಟವಾದ ಅಳತೆಗೋಲನ್ನು ಒದಗಿಸಿದೆ. ಯಾರೂ ಕೇಳದಿದ್ದರೂ 17 ಅಂಶಗಳ ಮಾಹಿತಿಯನ್ನು ತಾನಾಗಿಯೇ ಪ್ರಕಟಿಸತಕ್ಕದ್ದು ಹಾಗೂ ಪ್ರತಿ ವರ್ಷ ಪರಿಷ್ಕರಿಸತಕ್ಕದ್ದು. ಸಹಾಯಧನ ಕಾರ್ಯಕ್ರಮಗಳಿಗೆ ಹಂಚಿಕೆಯಾದ ಮೊತ್ತ, ಫಲಾನುಭವಿಗಳ ವಿವರ, ರಿಯಾಯಿತಿ ಮತ್ತು ಪರವಾನಗಿ ಪಡೆದವರ ವಿವರ ಇವೆಲ್ಲ ಈ ಅಂಶಗಳಲ್ಲಿ ಸೇರಿವೆ. ಪ್ರಾಯೋಗಿಕವಾಗಿ ನೋಡಿದರೆ ‘ಪ್ರಕಟಿಸಲಾಗಿದೆ’ ಎಂಬ ಉತ್ತರ ಸುಲಭ. ‘ಯಾವ ದಿನಾಂಕದವರೆಗಿನದು’ ಎಂಬ ಪ್ರಶ್ನೆಯೇ ಕಠಿಣ. ಮೂರು ವರ್ಷ ಹಳೆಯ ಪಟ್ಟಿಯು ಅಂಕಪಟ್ಟಿಯಲ್ಲಿ ಅಂಕ ತರಬಹುದು, ಅರ್ಜಿದಾರರಿಗೆ ಏನನ್ನೂ ತಿಳಿಸದು.

ಗದಗ ತಾಲ್ಲೂಕಿನ ನಾಗಾವಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಷಯಗಳಿಗೆಂದೇ 2016ರ ಅಧಿನಿಯಮದಂತೆ ಸ್ಥಾಪಿತವಾದ ವಿಶ್ವವಿದ್ಯಾಲಯವು ಇರುವುದು ಇಲ್ಲಿಯೇ. ಪಂಚಾಯತ್ ಆಡಳಿತವನ್ನು ಬೋಧಿಸುವ ಈ ಸಂಸ್ಥೆಗೂ, ಊರಿನ ಪಂಚಾಯತಿ ಕಚೇರಿಗೂ ಮೇಲಿನ 17 ಅಂಶಗಳು ಒಂದೇ ರೀತಿ ಅನ್ವಯಿಸುತ್ತವೆ. ವಸತಿ ಸೌಲಭ್ಯಕ್ಕೆ ಅರ್ಜಿ ಹಾಕಿ ಆಯ್ಕೆಯಾಗದ ಗ್ರಾಮಸ್ಥರೊಬ್ಬರಿಗೆ ಅಂತಿಮ ಪಟ್ಟಿಯೊಂದೇ ಸಾಲದು. ತಮ್ಮ ಹೆಸರು ಬಿಟ್ಟುಹೋದದ್ದು ಏಕೆ ಎಂಬುದೂ ತಿಳಿಯಬೇಕು. ಆಡಳಿತಾತ್ಮಕ ತೀರ್ಮಾನಗಳಿಗೆ ಕಾರಣಗಳನ್ನು ಬಾಧಿತ ವ್ಯಕ್ತಿಗಳಿಗೆ ಒದಗಿಸತಕ್ಕದ್ದೆಂದು ಅದೇ ಅಧಿನಿಯಮದ 4(1)(ಡಿ) ಪ್ರಕರಣವು ಹೇಳುತ್ತದೆ. ಅರ್ಜಿದಾರರಲ್ಲಿ ಬಹುಮಂದಿ ಇದನ್ನು ಬಳಸುವುದೇ ಇಲ್ಲ. 4(4)ನೇ ಪ್ರಕರಣದಂತೆ ಮಾಹಿತಿಯನ್ನು ಪ್ರಸಾರ ಮಾಡುವಾಗ ಸ್ಥಳೀಯ ಭಾಷೆಯನ್ನೂ ಗಮನದಲ್ಲಿಡಬೇಕು. ಆಂಗ್ಲ ಭಾಷೆಯಲ್ಲಿ ಮಾತ್ರ ದೊರೆಯುವ ಪಟ್ಟಿಯು ನಾಗಾವಿಯಲ್ಲಿ ಅರ್ಧ ಮುಚ್ಚಿದ ಪಟ್ಟಿಯೇ ಸರಿ. ರಾಜ್ಯದ ‘ಮಾಹಿತಿ ಕಣಜ’ ಜಾಲತಾಣವು ವಿವಿಧ ಇಲಾಖೆಗಳ ಯೋಜನಾ ವಿವರಗಳನ್ನು ಕನ್ನಡದಲ್ಲಿ ಒಂದೆಡೆ ಒದಗಿಸುವ ಮೂಲಕ ಈ ಕೊರತೆಯನ್ನು ಕೆಲಮಟ್ಟಿಗೆ ನೀಗಿಸಿದೆ.

ಅಳತೆಯ ಮಿತಿಯನ್ನು ತಿಳಿಯಲು ‘ಸಕಾಲ’ವನ್ನೂ ಗಮನಿಸಬೇಕು. 2011ರ ಅಧಿನಿಯಮದಡಿ 2012ರಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ವಿಳಂಬಕ್ಕೆ ದಿನವೊಂದಕ್ಕೆ ರೂ. 20ರಂತೆ, ಗರಿಷ್ಠ ರೂ. 500ರವರೆಗೆ ಪರಿಹಾರವನ್ನು ನಿಗದಿಪಡಿಸಲಾಯಿತು. ಇಲ್ಲಿ ಮುಖ್ಯವಾಗಿ ಎಣಿಕೆಯಾಗುವುದು ಕಾಲಮಿತಿ. ಅವಧಿಯೊಳಗೆ ತಿರಸ್ಕೃತವಾದ ಅರ್ಜಿಯೂ ವಿಲೇವಾರಿಯಾದ ಅರ್ಜಿಯೇ. ಆದ್ದರಿಂದ ವಿಲೇವಾರಿಯ ಶೇಕಡಾವಾರು ಅಂಕಿಯ ಪಕ್ಕದಲ್ಲಿ ತಿರಸ್ಕಾರದ ಪ್ರಮಾಣವನ್ನೂ ಕಾರಣಗಳನ್ನೂ ಓದಿದಾಗಲೇ ನಿಜಸ್ಥಿತಿ ತಿಳಿಯುವುದು.

ಪ್ರಕಟಿತ ಪಟ್ಟಿಯಲ್ಲಿ ಬೇಕಾದ ವಿವರ ದೊರೆಯದಿದ್ದಲ್ಲಿ, ರೂ. 10 ಶುಲ್ಕದೊಂದಿಗೆ ಸಂಬಂಧಿಸಿದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕದ ವಿನಾಯಿತಿಯಿದೆ. ರಾಜ್ಯದ ನಿಯಮದಂತೆ ಕೋರಿಕೆಯು ಒಂದೇ ವಿಷಯಕ್ಕೆ ಸಂಬಂಧಿಸಿದ್ದು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಮುಂದಿನ 30 ದಿನಗಳೊಳಗೆ ಅದೇ ಪ್ರಾಧಿಕಾರದ ಮೇಲ್ದರ್ಜೆಯ ಅಧಿಕಾರಿಗೆ ಮೊದಲ ಮೇಲ್ಮನವಿ ಸಲ್ಲಿಸಲು ಅವಕಾಶವಿರುತ್ತದೆ.