ಲೆಟರಿನ ಖರ್ಚು ಯಾರ ಲೆಕ್ಕಕ್ಕೆ?

ಸುಳ್ಯ, ಕಡಬದ ಕಡೆ ಮನೆಯಲ್ಲೊಬ್ಬರಿಗೆ ಆಪರೇಷನ್ ಎಂದರೆ ನೆಂಟರು ಮೊದಲು ಕೇಳುವುದು ‘ಲೆಟರ್ ಆಯ್ತಾ?’ ಎಂದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ, ತುರ್ತು ಪ್ರಕರಣ ಬಿಟ್ಟರೆ, ಖಾಸಗಿ ಆಸ್ಪತ್ರೆಗೆ ಸೇರಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ತಾಲೂಕು ಆಸ್ಪತ್ರೆಯಲ್ಲೇ ಆಗುವ ಚಿಕಿತ್ಸೆಗೆ ಸರ್ಕಾರ ಖಾಸಗಿಯವರಿಗೇಕೆ ದುಡ್ಡು ಕಟ್ಟಬೇಕು? ಒಪ್ಪತಕ್ಕ ಮಾತೇ. ಆದರೆ ತಜ್ಞರು ಇಲ್ಲದ ದಿನ ಓಡಾಟ ಶುರುವಾಗುತ್ತದೆ. ಮಂಗಳೂರಿನ ವೆನ್ಲಾಕ್ ಜಿಲ್ಲಾಸ್ಪತ್ರೆ ಪುತ್ತೂರಿಗೆ ಸುಮಾರು 50 ಕಿಲೋಮೀಟರ್, ಸುಳ್ಯಕ್ಕೆ 85ರಷ್ಟು. ಬಸ್ಸಿನ ಚಾರ್ಜು, ಜೊತೆಗೆ ಹೋದವರು ಕಳೆದುಕೊಂಡ ಸಂಬಳ ಯಾವ ಬಜೆಟ್ಟಿನಲ್ಲೂ ಕಾಣುವುದಿಲ್ಲ. ಸರ್ಕಾರ ಉಳಿಸಿತು ಎನ್ನುವ ಹಣದಲ್ಲಿ ಇದನ್ನು ಕಳೆದವರುಂಟೇ?

ಎಪಿಎಲ್‌ನವರ ಪಾಡು ಇನ್ನೊಂದು ಬಗೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ. ಎಪಿಎಲ್‌ಗೆ ಸರ್ಕಾರ ಕೊಡುವುದು ಆಯಾ ಚಿಕಿತ್ಸೆಗೆ ನಿಗದಿಯಾದ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ 1.5 ಲಕ್ಷದ ಮಿತಿಯೊಳಗೆ. ಸಂಪಾಜೆ, ಅರಂತೋಡಿನ ಕಡೆ ಹಳದಿ ಎಲೆ ರೋಗದಿಂದ ಅಡಿಕೆ ತೋಟ ಹೋದವರಿದ್ದಾರೆ. ಫಸಲು ಹೋದ ಕೂಡಲೇ ರೇಷನ್ ಕಾರ್ಡು ಬದಲಾಗುವುದಿಲ್ಲ. ಹೀಗೆ ಒಂದು ಪಾಲು ರೋಗಿಯೇ ಕಟ್ಟುವಂತಾಗಿ ಜೇಬಿಗೆ ಬಿಸಿ ಮುಟ್ಟಿದರೆ ಜನ ಬೇಕಿದ್ದಕ್ಕಷ್ಟೇ ಆಸ್ಪತ್ರೆಗೆ ಬರುತ್ತಾರೆಂಬ ವಾದವಿದೆ. 1970ರ ದಶಕದಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆ ಇದನ್ನೇ ಪರೀಕ್ಷಿಸಿತು. ಖರ್ಚೇನೋ ಇಳಿಯಿತು, ಆದರೆ ಜನ ಬೇಡದ್ದರ ಜೊತೆಗೆ ಬೇಕಾದ ಚಿಕಿತ್ಸೆಯನ್ನೂ ಬಿಟ್ಟಿದ್ದರು.

ಆಸ್ಪತ್ರೆಯ ಕಡೆಗೆ ಪ್ಯಾಕೇಜ್ ದರವೇ ಕಡಿವಾಣ. ಬಿಲ್ಲು ಬೆಳೆಸುವಂತಿಲ್ಲ, ನಿಜ. ಆದರೆ ಗಿಟ್ಟದ ಕೇಸಿಗೆ ‘ಬೆಡ್ ಇಲ್ಲ’ ಎನ್ನಬಹುದು, ಗಿಟ್ಟುವ ಆಪರೇಷನ್ ಹೆಚ್ಚಿಸಬಹುದು. ಇದಕ್ಕೆ ಲೆಟರೂ ಒಂದು ತಡೆ, ಹಾಗಾಗಿ ಅದನ್ನು ಪೂರಾ ತೆಗೆದುಹಾಕಿ ಎನ್ನಲು ನನಗೆ ಧೈರ್ಯವಿಲ್ಲ.

ನನ್ನ ತಕರಾರು ಬೇರೆಯದು: ಈ ಪ್ಯಾಕೇಜುಗಳಲ್ಲಿ ದುಡ್ಡು ಹುಟ್ಟುವುದು ರೋಗಿ ಮಲಗಿದ ಮೇಲೆಯೇ. ಬಿಪಿ, ಶುಗರ್ ಹತ್ತು ವರ್ಷ ಹತೋಟಿ ತಪ್ಪಿ ಕಿಡ್ನಿ ಹೋದವರು ಪುತ್ತೂರು, ಸುಳ್ಯದ ಸರ್ಕಾರಿ ಆಸ್ಪತ್ರೆಗಳಲ್ಲಿ ಡಯಾಲಿಸಿಸ್‌ಗೆ ಸರದಿ ಹಿಡಿಯುತ್ತಾರೆ. ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ, ಬದುಕಿರುವಷ್ಟು ಕಾಲ. ಮಾತ್ರೆ ನುಂಗಿದಿರಾ ಎಂದು ಗುಡ್ಡ ಹತ್ತಿ ಬಂದು ವಿಚಾರಿಸುವ ಆಶಾ ಕಾರ್ಯಕರ್ತೆಗೆ ಸಿಗುವುದು ಅಲ್ಪ ಗೌರವಧನ, ಮೇಲಿಷ್ಟು ಬಿಡಿಗಾಸಿನ ಪ್ರೋತ್ಸಾಹಧನ. 2025ರ ಜನವರಿಯಲ್ಲಿ ತಿಂಗಳಿಗೆ 15,000 ರೂಪಾಯಿ ಕೇಳಿ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತರು. ಸಿಕ್ಕಿದ್ದು 10,000ದ ಭರವಸೆ. ಖರ್ಚನ್ನು ಬುಡದಲ್ಲೇ ತಡೆಯುವವರ ಹತ್ತಿರವೇ ಇಷ್ಟು ಚೌಕಾಸಿ!

ಪ್ರೋತ್ಸಾಹಧನ ಕೊಡುವುದಾದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೊಡಲಿ, ಊರವರ ಬಿಪಿ, ಶುಗರ್ ಹತೋಟಿಯಲ್ಲಿಟ್ಟದ್ದಕ್ಕೆ. ಬ್ರಿಟನ್ 2004ರಿಂದ ತನ್ನ ಕುಟುಂಬ ವೈದ್ಯರಿಗೆ ಈ ಲೆಕ್ಕದಲ್ಲೂ ಹಣ ಕೊಟ್ಟಿತು. ನಮ್ಮಲ್ಲಿ ಮಾಡಿದರೆ ರಿಜಿಸ್ಟರಿನಲ್ಲಿ ಎಲ್ಲರ ಬಿಪಿಯೂ 120/80 ಆಗಿಬಿಟ್ಟೀತು ಎಂಬ ಭಯ ನನಗೂ ಇದೆ. ಅದಕ್ಕೇ ರಿಜಿಸ್ಟರನ್ನಷ್ಟೇ ನಂಬುವುದು ಬೇಡ. ತಾಲೂಕಿನಲ್ಲಿ ವರ್ಷಕ್ಕೆ ಎಷ್ಟು ಮಂದಿ ಹೊಸದಾಗಿ ಡಯಾಲಿಸಿಸ್‌ಗೆ ಹೆಸರು ಬರೆಸಿದರು ಎಂಬುದನ್ನೂ ನೋಡಲಿ. ಆ ಅಂಕಿಯನ್ನು ಕೂತಲ್ಲೇ ತಿದ್ದುವುದು ಅಷ್ಟು ಸುಲಭವಲ್ಲ.