ಜಗುಲಿಯ ಸೈಕಲ್ಲು ಜಂತೆಗೇರಿದಾಗ

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಹಳೆಯ ತೊಟ್ಟಿಮನೆಯೊಳಗೆ ಕಾಲಿರಿಸಿ ತಲೆಯೆತ್ತಿ ನೋಡಿದವರಿಗೆ, ನಮ್ಮ ಹಿರಿಯರು ಸೂರಿನ ಕೆಳಗಿನ ಸ್ಥಳವನ್ನು ಎಷ್ಟು ಜಾಣತನದಿಂದ ಬಳಸುತ್ತಿದ್ದರೆಂಬುದು ತಿಳಿಯುತ್ತದೆ. ವರ್ಷಕ್ಕೊಮ್ಮೆ ಬೇಕಾಗುವ ಕೊಪ್ಪರಿಗೆ, ಹಂಡೆಗಳು ಅಟ್ಟದ ಮೇಲೆ. ಹಾಲು ಬೆಣ್ಣೆಗಳು ಬೆಕ್ಕಿಗೆಟುಕದ ನೆಲುವಿನ ಮೇಲೆ. ಬಿತ್ತನೆಗೆಂದು ಆರಿಸಿದ ಜೋಳದ ತೆನೆಗಳು ತೊಲೆಗೆ ಬಿಗಿದ ಹಗ್ಗದಲ್ಲಿ. ನಡುಮನೆಯ ಜಂತೆಯಲ್ಲಿ ತೊಟ್ಟಿಲು ಕಟ್ಟುವ ಕಬ್ಬಿಣದ ಬಳೆ. ನೆಲವೇನಿದ್ದರೂ ನಡೆದಾಡುವವರಿಗೆ, ಕುಳಿತು ಉಣ್ಣುವವರಿಗೆ, ಮಲಗುವವರಿಗೆ ಮೀಸಲು.

ಈಗಿನ ಮನೆಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ. ತಾರಸಿಯ ಅಡಿ ಬರಿದು, ನೆಲವೆಲ್ಲ ಭರ್ತಿ. ಕಾರು ನಿಲ್ಲಿಸಲೆಂದು ಕಟ್ಟಿಸಿದ ಶೆಡ್ಡಿನಲ್ಲಿ ಅರಿಶಿನದ ಮೂಟೆ, ಸಣ್ಣ ಈರುಳ್ಳಿಯ ಚೀಲ, ಔಷಧಿ ಸಿಂಪಡಿಸುವ ಯಂತ್ರ, ಸ್ಕೂಟರು. ಇವುಗಳ ಸಂದಿಯಲ್ಲಿ ಎರಡೋ ಮೂರೋ ಸೈಕಲ್ಲುಗಳು. ಶೆಡ್ಡಿಲ್ಲದವರ ಮನೆಯಲ್ಲಿ ಅವು ಜಗುಲಿಯನ್ನೇ ಆಕ್ರಮಿಸಿರುತ್ತವೆ. 2006-07ರಿಂದ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಕೊಡತೊಡಗಿದ ಮೇಲೆ, ಹಿಂದೆ ಮನೆಗೊಂದಿದ್ದುದು ಮಗುವಿಗೊಂದಾಯಿತು. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತಿತಾದರೂ ಅದಕ್ಕೆ ಮೊದಲು ಬಂದ ಸೈಕಲ್ಲುಗಳು ಎಷ್ಟೋ ಮನೆಗಳಲ್ಲಿ ಹಾಗೆಯೇ ಉಳಿದಿವೆ. ಅಕ್ಕ ಕಾಲೇಜಿಗೆ ಹೋದಳು, ತಂಗಿಗೆ ಇನ್ನೂ ಕಾಲು ಎಟುಕದು. ನಡುವಿನ ವರ್ಷಗಳಲ್ಲಿ ಸೈಕಲ್ಲು ಗೋಡೆಗೊರಗಿ ನಿಂತಿರುತ್ತದೆ.

ಒಂದು ಸೈಕಲ್ಲಿನ ಉದ್ದ ಸುಮಾರು ಆರು ಅಡಿ, ಹ್ಯಾಂಡಲಿನ ಅಗಲ ಎರಡು ಅಡಿ. ಒಬ್ಬರು ಚಾಪೆ ಹಾಸಿ ಮಲಗುವಷ್ಟು ನೆಲವದು. ಸ್ಥಳ ಹೋದುದಷ್ಟೇ ಆದರೆ ಸಹಿಸಬಹುದಿತ್ತು. ನಸುಕಿನಲ್ಲಿ ಎದ್ದು ಗೋಡೆ ಹಿಡಿದು ಹಿತ್ತಲಿಗೆ ನಡೆಯುವ ಅಜ್ಜಿಯ ಕಣಕಾಲಿಗೆ ತಗಲುವುದು ಇದೇ ಸೈಕಲ್ಲಿನ ಪೆಡಲು. ಎಪ್ಪತ್ತು ದಾಟಿದವರು ಒಮ್ಮೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಮೊದಲಿನಂತೆ ಓಡಾಡುವುದು ಎಷ್ಟು ಕಷ್ಟವೆಂಬುದನ್ನು ಅನುಭವಿಸಿದ ಮನೆಗಳೇ ಬಲ್ಲವು. ಆದುದರಿಂದ ಸೈಕಲ್ಲನ್ನು ಮೇಲಕ್ಕೆ ತೂಗುಹಾಕುವ ಈ ವಿಚಾರವನ್ನು ಅಂದಚಂದದ ಮಾತೆಂದು ಗೃಹಿಣಿಯರು ತಳ್ಳಿಹಾಕಬಾರದು.

ಆದರೆ ಯಾವ ಸೈಕಲ್ಲನ್ನು ಏರಿಸಬೇಕು? ಮೊಳೆ ಸುತ್ತಿಗೆ ಹಿಡಿಯುವ ಮೊದಲು ಇದನ್ನು ನಿಶ್ಚಯಿಸಬೇಕು. ದಿನವೂ ಹಾಲಿನ ಡೇರಿಗೆ ಕ್ಯಾನು ಹೊತ್ತೊಯ್ಯುವ ಸೈಕಲ್ಲು, ಮಗಳು ದಿನವೂ ಶಾಲೆಗೆ ತುಳಿಯುವ ಸೈಕಲ್ಲು ನೆಲದಲ್ಲಿಯೇ ಇರತಕ್ಕದ್ದು. ಈ ವಿಷಯದಲ್ಲಿ ನನ್ನ ಅಭಿಪ್ರಾಯ ತುಸು ಕಟುವಾದುದು: ಸವಾರಿ ಮಾಡುವವರು ತಾವೊಬ್ಬರೇ ಇಳಿಸಿಕೊಳ್ಳಲಾಗದ ಸೈಕಲ್ಲನ್ನು ಮೇಲಕ್ಕೇರಿಸಬಾರದು. ಹದಿಮೂರು ವರ್ಷದ ಹುಡುಗಿಯ ಸೈಕಲ್ಲನ್ನು ಅಪ್ಪನ ಕೈಗಷ್ಟೇ ಎಟುಕುವ ಕೊಕ್ಕೆಗೆ ಹಾಕಿದಿರೆಂದರೆ, ಅಪ್ಪ ತೋಟಕ್ಕೆ ಹೋದ ದಿನ ಆಕೆ ನಡೆದೇ ಶಾಲೆಗೆ ಹೋಗಬೇಕು, ಇಲ್ಲವೇ ಮನೆಯಲ್ಲಿ ಉಳಿಯಬೇಕು. ನೆಲವನ್ನು ಉಳಿಸಲು ಹೋಗಿ ಹುಡುಗಿಯ ವಾಹನವನ್ನೇ ಕಸಿದಂತಾಯಿತು. ಇನ್ನು, ಯಾರೂ ತುಳಿಯದ, ತುಳಿಯುವವರು ಬರುವ ಸೂಚನೆಯೂ ಇಲ್ಲದ ಸೈಕಲ್ಲನ್ನು ಬೇಕಾದವರಿಗೆ ಕೊಟ್ಟುಬಿಡುವುದೇ ಲೇಸು. ಅದಕ್ಕೇಕೆ ರಾಟೆ, ಹಗ್ಗ?

ಏರಿಸತಕ್ಕ ಸೈಕಲ್ಲು ಯಾವುದೆಂದು ಗೊತ್ತಾದ ಮೇಲೆ ಸೂರಿನ ಪರೀಕ್ಷೆಯಾಗಬೇಕು. ಸಾಧಾರಣ ಸೈಕಲ್ಲಿನ ತೂಕ 20 ಕಿಲೋ ಅಥವಾ ಅದರ ಆಸುಪಾಸು. ಇಷ್ಟು ಭಾರ ತಾರಸಿಗೆ ಏನೂ ಅಲ್ಲ. ಸೋಲುವುದು ಕೊಂಡಿಯ ಹಿಡಿತ. ಹೆಂಚಿನ ಮನೆಯಲ್ಲಿ ರೀಪುಗಳಿರುವುದು ಹೆಂಚನ್ನು ಹೊರಲು ಮಾತ್ರ. ಅವಕ್ಕೆ ಏನನ್ನೂ ತೂಗುಹಾಕಬಾರದು, ತೊಲೆಯನ್ನೇ ಆಶ್ರಯಿಸಬೇಕು. ತೊಲೆಗಾದರೂ ಮೊಳೆ ಹೊಡೆಯುವುದಕ್ಕಿಂತ ಅದರ ಸುತ್ತ ಸರಪಳಿಯನ್ನೋ ದಪ್ಪ ಹಗ್ಗವನ್ನೋ ಬಳಸಿ ಕಟ್ಟುವುದು ಮೇಲು. ಕಟ್ಟುವ ಮೊದಲು ಸುತ್ತಿಗೆಯಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಒಳಗೆ ಗೆದ್ದಲಿದೆಯೆಂದು ತಿಳಿಯಬೇಕು. ತೊಲೆಯ ತುದಿ ಗೋಡೆಯೊಳಗೆ ಸೇರುವ ಕಡೆ, ಮಳೆನೀರು ಇಳಿದು, ಮರ ಮೊದಲು ಕೊಳೆಯುತ್ತದೆ. ಅಲ್ಲಿ ಚೂಪಾದ ಉಳಿಯಿಂದ ಚುಚ್ಚಿ ನೋಡುವುದು ಅವಶ್ಯ.

ಕಾಂಕ್ರೀಟಿನ ತಾರಸಿಯಾದರೆ ಕಬ್ಬಿಣದ ಆಂಕರ್ ಬೋಲ್ಟು ಹಾಕಿಸಬೇಕು, ಸಾಧ್ಯವಾದರೆ ಬೀಮಿಗೆ. ಗೋಡೆಯಲ್ಲಿ ಪಟ ತೂಗುಹಾಕಲು ಬಳಸುವ ಪ್ಲಾಸ್ಟಿಕ್ಕಿನ ಬೆಣೆಗಳನ್ನು ಇಲ್ಲಿ ನಂಬಲಾಗದು. ಗೋಡೆಯ ಮೊಳೆಯ ಮೇಲೆ ಭಾರ ಅಡ್ಡವಾಗಿ ಬೀಳುತ್ತದೆ. ಸೂರಿನ ಮೊಳೆಯನ್ನು ಭಾರವು ನೇರವಾಗಿ ಕೆಳಕ್ಕೆ ಕೀಳುತ್ತಲೇ ಇರುತ್ತದೆ. ತಾರಸಿಯಡಿಯ ಗಾರೆ ಉದುರಿ, ಕಂಬಿಯ ತುಕ್ಕು ಕಾಣುವಂತಿದ್ದರೆ ಅಲ್ಲಿ ಏನನ್ನೂ ಹಾಕುವಂತಿಲ್ಲ. ಸಿಮೆಂಟ್ ಶೀಟಿನ ಶೆಡ್ಡುಗಳ ಬಗೆಗಂತೂ ಒಂದೇ ಮಾತು: ಶೀಟು ತನ್ನ ಭಾರವನ್ನು ಹೊತ್ತರೆ ಸಾಕು. ಅಂತಹ ಕಡೆ ಗಟ್ಟಿಯಾದ ಇಟ್ಟಿಗೆ ಗೋಡೆಗೆ ಕಬ್ಬಿಣದ ತೋಳು ಕೂರಿಸಿ ಅದರ ಮೇಲೆ ಸೈಕಲ್ಲಿನ ಅಡ್ಡಪಟ್ಟಿಯನ್ನು ಇರಿಸಬಹುದು.

ಎತ್ತರದ ಲೆಕ್ಕವನ್ನು ಬಹಳ ಮಂದಿ ಮರೆಯುತ್ತಾರೆ. ಮನೆಯ ಎತ್ತರ ಹತ್ತು ಅಡಿ ಎನ್ನಿ. ಸೈಕಲ್ಲಿನ ಎತ್ತರ ಮೂರೂವರೆ ಅಡಿ. ಕೊಕ್ಕೆ ರಾಟೆಗಳಿಗೆ ಇನ್ನೊಂದಡಿ. ಉಳಿದುದು ಐದೂವರೆ ಅಡಿ. ಅಂದರೆ ತೂಗುವ ಚಕ್ರ ಸರಿಯಾಗಿ ಮನೆಯ ಯಜಮಾನರ ಹಣೆಯ ಮಟ್ಟಕ್ಕೆ ಬಂತು! ಆದುದರಿಂದ ಹತ್ತಡಿಯ ಮನೆಯಲ್ಲಿ ನಡೆದಾಡುವ ದಾರಿಯ ಮೇಲೆ ಸೈಕಲ್ಲು ಕೂಡದು. ಮೂಟೆಗಳನ್ನು ಒಟ್ಟಿದ ಮೂಲೆ, ಸ್ಕೂಟರು ನಿಲ್ಲುವ ಜಾಗ, ಕಾರಿನ ಮುಂಭಾಗ, ಇವುಗಳ ಮೇಲ್ಭಾಗವೇ ಯೋಗ್ಯ. ತೊಟ್ಟಿಲು, ಮಂಚ, ಹಿರಿಯರು ಕೂರುವ ಸ್ಥಳ, ದನ ಕಟ್ಟುವ ಗೂಟ, ಇವುಗಳ ಮೇಲೆ ಎಷ್ಟೇ ಎತ್ತರವಿದ್ದರೂ ಬೇಡ.

ಇನ್ನು ಏರಿಸುವ ಬಗೆ. ಬಾವಿಯ ರಾಟೆಯನ್ನು ಬಲ್ಲವರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಸೂರಿನಲ್ಲಿ ಎರಡೂವರೆ ಅಡಿ ಅಂತರದಲ್ಲಿ ಎರಡು ರಾಟೆಗಳು. ಒಂದರ ಹಗ್ಗದ ಕೊಕ್ಕೆ ಹ್ಯಾಂಡಲಿಗೆ, ಇನ್ನೊಂದರದು ಸೀಟಿನ ಅಡಿಗೆ. ಎರಡು ಹಗ್ಗಗಳ ತುದಿಯನ್ನೂ ಕೂಡಿಸಿ ಒಟ್ಟಿಗೆ ಎಳೆಯಬೇಕು. ಬಾವಿಯ ರಾಟೆ ಎಳೆತದ ದಿಕ್ಕನ್ನು ಬದಲಿಸುತ್ತದೆಯೇ ಹೊರತು ಭಾರವನ್ನು ತಗ್ಗಿಸುವುದಿಲ್ಲ. 20 ಕಿಲೋ ಎತ್ತಲು 20 ಕಿಲೋ ಬಲವೇ ಬೇಕು. ಆದರೆ ಕೊಕ್ಕೆಗಳಿಗೂ ಒಂದೊಂದು ರಾಟೆ ಜೋಡಿಸಿ, ಹಗ್ಗದ ಒಂದು ತುದಿಯನ್ನು ಸೂರಿಗೇ ಬಿಗಿದು, ಆ ಕೆಳಗಿನ ರಾಟೆಯ ಮೂಲಕ ಮತ್ತೆ ಮೇಲಕ್ಕೆ ತಂದರೆ ಭಾರ ಅರ್ಧಕ್ಕಿಳಿಯುತ್ತದೆ. ಐದಡಿ ಏರಿಸಲು ಹತ್ತಡಿ ಹಗ್ಗ ಎಳೆಯಬೇಕಷ್ಟೆ. ಮೇಲೆ ಹೇಳಿದ ಆ ಹುಡುಗಿಯೂ ತನ್ನ ಸೈಕಲ್ಲನ್ನು ತಾನೇ ಇಳಿಸಿಕೊಳ್ಳಲು ಇದೊಂದೇ ಉಪಾಯ. ನಾಲ್ಕು ಸಣ್ಣ ರಾಟೆ, ಹಗ್ಗ, ಕೊಕ್ಕೆಗಳು ಹಾರ್ಡ್‌ವೇರ್ ಅಂಗಡಿಯಲ್ಲಿ ದೊರೆಯುವಂಥವೇ. ಕೊಕ್ಕೆಗೆ ಹಳೆಯ ಟ್ಯೂಬಿನ ತುಂಡು ಸುತ್ತಿದರೆ ಬಣ್ಣ ಕೀಳುವುದಿಲ್ಲ.

ಹಗ್ಗದ ತುದಿ ಕಟ್ಟುವ ಗೂಟವು ಸವಾರರ ಕೈಗೆ ಎಟುಕುವಂತಿರಲಿ, ಚಿಕ್ಕ ಮಕ್ಕಳಿಗೆ ಎಟುಕದಿರಲಿ. ಇಳಿಬಿದ್ದ ಹಗ್ಗ ಕಂಡರೆ ಮಕ್ಕಳಿಗೆ ಉಯ್ಯಾಲೆಯ ನೆನಪಾಗುವುದು ಸಹಜ. ಏರಿಸುವಾಗ ಇಳಿಸುವಾಗ ಕೆಳಗೆ ಯಾರೂ ನಿಲ್ಲಬಾರದು. ಬುಟ್ಟಿ, ಪಂಪು, ನೀರಿನ ಬಾಟಲಿಗಳನ್ನು ಮೊದಲೇ ತೆಗೆದಿರಿಸಬೇಕು.

ನೆಲವನ್ನು ತೆರವಾಗಿಡುವ ಈ ಶ್ರದ್ಧೆ ನಮ್ಮ ಸೀಮೆಯದು ಮಾತ್ರವಲ್ಲ. ಅಮೆರಿಕದ ಶೇಕರ್ ಎಂಬ ಧಾರ್ಮಿಕ ಸಮುದಾಯದವರು ತಮ್ಮ ಕೋಣೆಗಳ ಗೋಡೆಯುದ್ದಕ್ಕೂ ಮರದ ಗೂಟಗಳನ್ನು ಸಾಲಾಗಿ ಕೂರಿಸಿ, ಕುರ್ಚಿಗಳನ್ನೂ ಅವಕ್ಕೆ ತೂಗುಹಾಕಿ ನೆಲ ಗುಡಿಸುತ್ತಿದ್ದರು. ಹಗುರವಾದ ಕುರ್ಚಿ ಮಾಡುವುದರಲ್ಲಿ ಅವರು ಹೆಸರಾಗಲು ಇದೂ ಒಂದು ಕಾರಣವಿದ್ದೀತು.

ಚಾಮರಾಜನಗರವು 1997ರಲ್ಲಿ ಜಿಲ್ಲಾ ಕೇಂದ್ರವಾದ ಮೇಲೆ ನೌಕರಿಯ ನಿಮಿತ್ತ ಬಂದು ಬಾಡಿಗೆ ಮನೆಗಳಲ್ಲಿರುವವರು ಅನೇಕರು. ಅವರು ಮಾಲೀಕರನ್ನು ಕೇಳದೆ ತಾರಸಿಗೆ ರಂಧ್ರ ಕೊರೆಯುವುದು ಸಲ್ಲದು. ಹ್ಯಾಂಡಲನ್ನು ಸಡಿಲಿಸಿ ಚಕ್ರಕ್ಕೆ ಸಮನಾಗಿ ತಿರುಗಿಸಿ, ಪೆಡಲುಗಳನ್ನು ಕಳಚಿಟ್ಟರೆ ಎರಡಡಿ ಅಗಲದ ಸೈಕಲ್ಲು ಒಂದಡಿಗೂ ಕಡಿಮೆ ಜಾಗದಲ್ಲಿ ಗೋಡೆಗೆ ಅಂಟಿ ನಿಲ್ಲುತ್ತದೆ. ಎಡಗಡೆಯ ಪೆಡಲಿನ ಮರೆ ಉಲ್ಟಾ ತಿರುಗುತ್ತದೆಂಬುದು ನೆನಪಿರಲಿ.

ತೂಗುಹಾಕಿದ ಸೈಕಲ್ಲನ್ನು ವರ್ಷಕ್ಕೊಮ್ಮೆಯಾದರೂ ಇಳಿಸಬೇಕು. ಆಯುಧಪೂಜೆಗೆ ಅದನ್ನು ತೊಳೆದು ಚೆಂಡುಹೂವಿನ ಹಾರ ಹಾಕಲು ಹೇಗೂ ಇಳಿಸುತ್ತೀರಿ. ಅಂದೇ ಹಗ್ಗದ ಎಳೆ ಬಿಚ್ಚಿಕೊಂಡಿದೆಯೇ, ಬೋಲ್ಟು ಅಲುಗುತ್ತದೆಯೇ ಎಂದು ನೋಡಿ, ಸಂದೇಹ ಬಂದ ಹಗ್ಗವನ್ನು ಅಂದೇ ಬದಲಾಯಿಸಿ, ರಾಟೆಗೆ ಎರಡು ತೊಟ್ಟು ಎಣ್ಣೆ ಬಿಡಿ.

ಹೊಸ ಮನೆ ಕಟ್ಟಿಸುವವರಿಗಂತೂ ಇಷ್ಟು ಶ್ರಮವೂ ಇಲ್ಲ. ತಾರಸಿ ಹಾಕುವ ಮೊದಲು, ಫ್ಯಾನಿಗೂ ತೊಟ್ಟಿಲಿಗೂ ಕೊಂಡಿ ಬಿಡಿಸುವಂತೆ, ಶೆಡ್ಡಿನ ಮೂಲೆಯಲ್ಲಿಯೂ ಎರಡೂವರೆ ಅಡಿ ಅಂತರಕ್ಕೆ ಎರಡು ಕೊಂಡಿಗಳನ್ನು 12 ಮಿಲಿಮೀಟರಿನ ಕಂಬಿಯಲ್ಲಿ ಬಗ್ಗಿಸಿ, ತಾರಸಿಯ ಕಂಬಿಗಳಿಗೆ ಬಿಗಿಯಲು ಮೇಸ್ತ್ರಿಗೆ ಹೇಳಿ. ಕಾಂಕ್ರೀಟು ಸುರಿಯುವ ಹಿಂದಿನ ಸಂಜೆ ನೀವೇ ಏಣಿ ಹತ್ತಿ ಆ ಕೊಂಡಿಗಳನ್ನು ಎಣಿಸಿಕೊಂಡು ಬನ್ನಿ.