ದಪ್ಪಕ್ಷರದ ದರ್ಬಾರು

ಕನ್ನಡದ ಲಿಪಿ ಇಂದಿನ ಕಾಲಕ್ಕೆ ಒಗ್ಗುವುದಿಲ್ಲ, ಅದರ ಸುರುಳಿಗಳನ್ನೂ ಕೊಂಡಿಗಳನ್ನೂ ಕಳೆದು, ಇಂಗ್ಲಿಷಿನ 'ಸ್ಯಾನ್ಸ್ ಸೆರಿಫ್' ಅಚ್ಚಿನಂತೆ ಬೋಳಾಗಿ, ದಪ್ಪಗೆ ಬರೆದರೆ ಮಾತ್ರ ಅದು ಬೀದಿಯಲ್ಲಿ ತಲೆಯೆತ್ತಿ ನಿಂತೀತು ಎಂಬ ಮಾತು ಈಚೆಗೆ ಬಲವಾಗಿ ಕೇಳಿಬರುತ್ತಿದೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಿಗೆ ಬೋರ್ಡಿನ ಅಕ್ಷರದ ಉಸಾಬರಿ ಏಕೆಂದು ಕೆಲವರು ಕೇಳಬಹುದು. ಅಕ್ಷರ ಕೆಟ್ಟರೆ ಓದು ಕೆಡುತ್ತದೆ. ಓದು ಕೆಟ್ಟ ಮೇಲೆ ನಮ್ಮ ಪಾಠಕ್ಕೆ ಬೆಲೆಯೇನು? ಆದ್ದರಿಂದ ಈ ದಪ್ಪಕ್ಷರದ ದರ್ಬಾರನ್ನು ಕುರಿತು ನಾಲ್ಕು ಮಾತು ಹೇಳುವುದು ನನ್ನ ಕೆಲಸವೇ ಎಂದು ತಿಳಿದಿದ್ದೇನೆ.

ಮೊದಲು ಅದರ ಹುಟ್ಟನ್ನು ನೋಡೋಣ. ರೋಮನ್ ಅಕ್ಷರದ ಗೆರೆಗಳ ತುದಿಯಲ್ಲಿ ಸಣ್ಣ ಸಣ್ಣ ಪಾದಗಳಿರುತ್ತವೆ. ಅವಕ್ಕೆ ಸೆರಿಫ್ ಎಂದು ಹೆಸರು. ಲಂಡನ್ನಿನಲ್ಲಿ ಅಚ್ಚಿನ ಮೊಳೆ ಎರಕ ಹೊಯ್ಯುತ್ತಿದ್ದ ನಾಲ್ಕನೆಯ ವಿಲಿಯಂ ಕ್ಯಾಸ್ಲನ್ 1816ರಲ್ಲಿ ಆ ಪಾದಗಳಿಲ್ಲದ ಅಚ್ಚನ್ನು ತನ್ನ ಮಾದರಿ ಪುಸ್ತಕದಲ್ಲಿ ತೋರಿಸಿದ. ಮುಂದೆ ಜಾಹೀರಾತಿನವರು ಅದನ್ನು ದಪ್ಪಮಾಡಿ ಗೋಡೆಗೇರಿಸಿದರು. 1916ರಲ್ಲಿ ಎಡ್ವರ್ಡ್ ಜಾನ್‌ಸ್ಟನ್ ಲಂಡನ್ನಿನ ಸುರಂಗ ರೈಲಿಗಾಗಿ ಅಂಥದೊಂದು ಅಕ್ಷರ ರಚಿಸಿದ. 1957ರಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದ, ಮುಂದೆ ಹೆಲ್ವೆಟಿಕಾ ಎನಿಸಿಕೊಂಡ ಅಚ್ಚು ಲೋಕವನ್ನೇ ಸುತ್ತಿತು. ಪಾದ ಹೋದರೂ ಅವರ 'ಎ' ಅಕ್ಷರ 'ಎ' ಆಗಿಯೇ ಉಳಿಯಿತು. ಅವರಿಗೆ ನಷ್ಟವಾಗಲಿಲ್ಲ.

ನಮ್ಮ ಮಾತು ಬೇರೆ. ಕನ್ನಡದಲ್ಲಿ ಕಳೆಯುವುದಕ್ಕೆ ಸೆರಿಫ್ ಇದ್ದರಲ್ಲವೆ? ತಲೆಕಟ್ಟನ್ನೇ ಸೆರಿಫ್ ಎಂದು ಭಾವಿಸಿ ಅದರ ಮೇಲೆ ಕತ್ತರಿಯಾಡಿಸುವ ಜಾಣರಿದ್ದಾರೆ. ತಲೆಕಟ್ಟು ಅಲಂಕಾರವಲ್ಲ, ಅಕಾರದ ಗುರುತು. 'ಕ' ಹೋಗಿ 'ಕಿ' ಆಗುವಾಗ ತಲೆಕಟ್ಟು ಜಾಗ ಬಿಟ್ಟು ಗುಡಿಸು ಬಂದು ಕೂರುತ್ತದೆ. ಅದನ್ನು ಕತ್ತರಿಸುವುದೆಂದರೆ ಸ್ವರವನ್ನೇ ಕತ್ತರಿಸಿದಂತೆ.

ಇನ್ನು ದಪ್ಪದ ಮಾತು. 'ರ'ಕಾರದ ಹೊಟ್ಟೆಯಲ್ಲೊಂದು ಚುಕ್ಕೆ ಇಟ್ಟರೆ 'ಠ'. 'ದ'ಕಾರದ ಬುಡ ಸೀಳಿದರೆ 'ಧ'. ಇಷ್ಟು ಕಿರಿದಾದ ಭೇದದ ಮೇಲೆ ನಮ್ಮ ಲಿಪಿ ನಿಂತಿದೆ. ಗೆರೆಯನ್ನು ಕುರುಡಾಗಿ ಉಬ್ಬಿಸಿದರೆ ಹೊಟ್ಟೆ ತುಂಬಿ ಚುಕ್ಕೆ ಮುಳುಗುತ್ತದೆ, ಬುಡ ಊದಿ ಸೀಳು ಮುಚ್ಚುತ್ತದೆ. ಮಠ ಮರವಾಗುತ್ತದೆ, ಧನ ದನವಾಗುತ್ತದೆ! 'ರಾಷ್ಟ್ರ' ಎಂಬಲ್ಲಿ ಒಂದರ ಕೆಳಗೊಂದು ಜೋತ ಒತ್ತಕ್ಷರಗಳ ಪಾಡಂತೂ ಹೇಳತೀರದು. ಮುಧೋಳದ ಪೇಟೆಯಲ್ಲಿ ಒಮ್ಮೆ ತಿರುಗಿ ನೋಡಿ: ಎಷ್ಟು ಫ್ಲೆಕ್ಸುಗಳ ಮೇಲೆ ನಮ್ಮ ಊರು 'ಮುದೋಳ'ವಾಗಿ ಕಾಣುತ್ತದೆ! ಬರೆಸಿದವರು ತಪ್ಪು ಬರೆಸಿಲ್ಲ. ಅಕ್ಷರವೇ ಅವರ ಮಹಾಪ್ರಾಣವನ್ನು ನುಂಗಿದೆ.

ರನ್ನನ ಕಾಲದಲ್ಲಿ ಈ ಊರು ಮುದುವೊಳಲು. ಅಲ್ಲಿ ಮಹಾಪ್ರಾಣವೆಲ್ಲಿತ್ತು ಎಂದು ಒಬ್ಬ ಗೆಳೆಯರು ಚೇಷ್ಟೆ ಮಾಡಿದರು. ನಿಜ. ಆದರೆ ಸಾವಿರ ವರ್ಷ ಜನರ ನಾಲಗೆಯ ಮೇಲೆ ಹೊರಳಿ ಒಂದು ಹೆಸರು ಬದಲಾಗುವುದು ಬೇರೆ. ಮಸಿ ತುಂಬಿಕೊಂಡಿತೆಂದು ಒಂದು ಮಧ್ಯಾಹ್ನದಲ್ಲಿ ಬದಲಾಗುವುದು ಬೇರೆ. ಮೊದಲನೆಯದು ಭಾಷೆಯ ಬಾಳು. ಎರಡನೆಯದು ಬರಿಯ ಅಸಡ್ಡೆ.

ಹಾಗಾದರೆ ದಪ್ಪಕ್ಷರ ಬೇಡವೆ? ಬೇಕು. ಬಸ್ಸಿನ ಬೋರ್ಡು, ದವಾಖಾನೆಯ ಹೆಸರು ದೂರದಿಂದ ಕಾಣಲೇಬೇಕು. ಸಮಗಾತ್ರದ ಗೆರೆಯೂ ನಮಗೆ ಪರಕೀಯವಲ್ಲ. ನಮ್ಮ ಜಿಲ್ಲೆಯದೇ ಆದ ಬಾದಾಮಿಗೆ ಹೋಗಿ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನವನ್ನು ನೋಡಿ. ಉಳಿ ಕೊರೆದ ಆ ಅಕ್ಷರಗಳು ಯಾವ ಬೆಡಗೂ ಇಲ್ಲದೆ ಸಾವಿರದ ಮುನ್ನೂರು ವರ್ಷಗಳಿಂದ ನಿಂತಿವೆ. ಕೊರೆದವನು ಗೆರೆಯ ಸುತ್ತ ಬಯಲು ಬಿಟ್ಟಿದ್ದಾನೆ. ಕಲ್ಲುಕುಟಿಗನಿಗೆ ತಿಳಿದಿದ್ದ ಈ ಸಂಗತಿ ಕಂಪ್ಯೂಟರಿನ ಮುಂದೆ ಕುಳಿತವನಿಗೆ ಏಕೆ ತಿಳಿಯಬಾರದು?

2024ರ ಫೆಬ್ರವರಿಯಲ್ಲಿ ನಮ್ಮ ಶಾಸನಸಭೆ ಕಾನೂನು ತಿದ್ದಿ, ನಾಮಫಲಕದ ಶೇಕಡಾ 60 ಭಾಗ, ಅದೂ ಮೇಲ್ಭಾಗ, ಕನ್ನಡಕ್ಕೆಂದು ವಿಧಿಸಿತು. ಸಂತೋಷವೇ. ಆದರೆ ಜಾಗ ಅಳೆಯುವ ಅಧಿಕಾರಿ ಅಕ್ಷರವನ್ನು ಓದಿ ನೋಡುತ್ತಾನೆಯೆ? ಶೇಕಡಾ 60ನ್ನು ತುಂಬಿಸಬೇಕೆಂದು ದಪ್ಪಕ್ಷರವನ್ನು ರಬ್ಬರಿನಂತೆ ಅಡ್ಡಕ್ಕೆ ಎಳೆದು, ಇಲ್ಲವೆ ಎರಡೂ ಕಡೆಯಿಂದ ಹಿಸುಕಿ ಕೂಡಿಸುತ್ತಾರೆ. ಕಾನೂನಿಗೆ ತೃಪ್ತಿ, ಕನ್ನಡಕ್ಕೆ ಉಸಿರುಗಟ್ಟು.

ಒಳ್ಳೆಯ ಅಚ್ಚು ಸಿಗುವುದಿಲ್ಲವೆಂಬ ನೆಪವೂ ಈಗ ಸಲ್ಲದು. ಎಕ್ ಟೈಪ್ ಎಂಬ ಸಂಸ್ಥೆಯ 'ಬಾಲೂ ತಮ್ಮ' ದುಂಡಗಿನ ದಪ್ಪಕ್ಷರ. ಅದೇ ಸಂಸ್ಥೆ 2022ರಲ್ಲಿ ಹೊರತಂದ 'ಅನೇಕ್' ಕುಟುಂಬದ ಕನ್ನಡ ಅಚ್ಚಿನಲ್ಲಿ ತೆಳುವಿನಿಂದ ದಪ್ಪದವರೆಗೆ, ಇಕ್ಕಟ್ಟಿನಿಂದ ಅಗಲದವರೆಗೆ ಎಲ್ಲ ಮೈಕಟ್ಟುಗಳೂ ಇವೆ. ಇಕ್ಕಟ್ಟಿನ ಜಾಗಕ್ಕೆ ಇಕ್ಕಟ್ಟಾಗಿಯೇ ರಚಿಸಿದ ಅಕ್ಷರವಿರುವಾಗ ಹಿಸುಕುವುದೇಕೆ? ಇವೆರಡೂ ಬಿಟ್ಟಿಯಾಗಿ ದೊರೆಯುತ್ತವೆ. ಕಾಸಿನ ಕೊರತೆಯಲ್ಲ, ಕಣ್ಣಿನ ಕೊರತೆ.

ಅಚ್ಚು ರಚಿಸುವವರಿಗೆ ನನ್ನದೊಂದೇ ಬಿನ್ನಹ: ಇಂಗ್ಲಿಷಿನ ದಪ್ಪವನ್ನು ಅಳತೆಗೋಲಾಗಿ ಹಿಡಿಯಬೇಡಿ. 'ಠ'ಕಾರದ ಚುಕ್ಕೆ, 'ಧ'ಕಾರದ ಸೀಳು, 'ಷ್ಟ್ರ'ದ ಒತ್ತು ಈ ಮೂರೂ ಎಲ್ಲಿಯವರೆಗೆ ತಾಳುತ್ತವೆಯೋ ಅಲ್ಲಿಯವರೆಗೆ ಮಾತ್ರ ಗೆರೆಯನ್ನು ಉಬ್ಬಿಸಿ. ಬೋರ್ಡು ಬರೆಸುವ ವ್ಯಾಪಾರಸ್ಥರೂ ಸಂಘಸಂಸ್ಥೆಗಳವರೂ ಹಣ ಕೊಡುವ ಮೊದಲು ಅದನ್ನು ರಸ್ತೆಯ ಆಚೆ ಬದಿಯಲ್ಲಿ ನಿಲ್ಲಿಸಿ, ಶಾಲೆಗೆ ಹೋಗುವ ಒಂದು ಮಗುವಿನಿಂದ ಓದಿಸಿ ನೋಡಲಿ. ಮಗು 'ಮರ' ಎಂದರೆ ಮಠದವರು ಫ್ಲೆಕ್ಸನ್ನು ಹಿಂದಕ್ಕೆ ಕಳಿಸಲಿ.